ನೀರುಗಂಟಿ ಚಿಕ್ಕಮಾರಯ್ಯನವರ ವೈಫೈ

ಮಳೆ ಜೋರಾಗಿ ಹಿಡಿದರೆ ಬೆಂಗಳೂರಿನ ಅಂಚಿನ ಸಿಂಗಾಪುರದ ಕೆಳಗಿನ ಬೀದಿಯವರು ಮೊದಲು ಮಾಡುವ ಕೆಲಸ, ಅಕ್ಕಿ ಮೂಟೆಯನ್ನು ಮಂಚದ ಮೇಲೆ ಎತ್ತಿಡುವುದು. ಎರಡು ವರ್ಷದಿಂದ ಇದೇ ಪಾಡು. ಮೇಲಿನ ಬಡಾವಣೆಗಳ ನೀರೆಲ್ಲ ಹಳೇ ಕಾಲುವೆಗೆ ಇಳಿಯುತ್ತದೆ. ಕಾಲುವೆ ತುಂಬ ಹೂಳು, ಪ್ಲಾಸ್ಟಿಕ್ಕು. ನೀರು ಉಕ್ಕಿ ಮನೆಯೊಳಗೆ ನುಗ್ಗುತ್ತದೆ.

ಈ ವರ್ಷ ಬೇಸಿಗೆಯಲ್ಲಿ ಒಂದು ಸುದ್ದಿ ಬಂತು. ಕಾಲುವೆಯನ್ನು ಚಪ್ಪಡಿ ಹಾಕಿ ಮುಚ್ಚಿ, ಮೇಲೆ ರಸ್ತೆ ಮಾಡುತ್ತಾರಂತೆ. ವಾಸನೆ ಹೋದರೆ ಸಾಕಪ್ಪ ಎಂದು ಬೀದಿಯವರು ಸಮಾಧಾನಪಟ್ಟರು. ಸಮಾಧಾನ ಇಲ್ಲದಿದ್ದದ್ದು ಒಬ್ಬರಿಗೇ, ಅರವತ್ತೆಂಟು ವರ್ಷದ ಚಿಕ್ಕಮಾರಯ್ಯನವರಿಗೆ.

ಅವರದು ನೀರುಗಂಟಿಗಳ ಮನೆ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ನೀರು ಎಂದು ಬಿಡುತ್ತಿದ್ದವರು ಅವರ ತಾತ, ಆಮೇಲೆ ಅಪ್ಪ. ಈಗ ಗದ್ದೆಗಳಿದ್ದ ಕಡೆ ಮನೆಗಳೆದ್ದಿವೆ. ತಾವರೆಕಟ್ಟೆ ಎಂಬ ಸಣ್ಣ ಕೆರೆಯಷ್ಟೇ ಉಳಿದಿದೆ. ಆ ಕಾಲುವೆ ಚರಂಡಿಯಲ್ಲ, ತಾವರೆಕಟ್ಟೆಗೆ ನೀರು ಒಯ್ಯುವ ದಾರಿ. ಕೊನೆಯಲ್ಲಿ ಲಂಟಾನದ ಪೊದೆಯ ಕೆಳಗೆ ತಾತ ನಿಂತು ಕಟ್ಟಿಸಿದ ಕಲ್ಲುಮೋರಿ ಇದೆ, ಅದರೊಳಗಿಂದ ನೀರು ಕೆರೆಗೆ ಬೀಳಬೇಕು. ಆ ಮೋರಿ ಇರುವ ಜಾಗ ಬಲ್ಲವರು ಊರಿನಲ್ಲಿ ಅವರನ್ನು ಬಿಟ್ಟರೆ ಇನ್ನು ಯಾರೂ ಇಲ್ಲ. ಅದನ್ನು ಬಿಡಿಸದೆ ಕಾಲುವೆ ಮುಚ್ಚಿದರೆ ನೀರು ಹಿಂದಕ್ಕೆ ತಿರುಗಿ ಇಡೀ ಬೀದಿಗೆ ಬರುವುದು ಖಂಡಿತ.

ಅವರ ಹೆಂಡತಿ ನಾರಾಯಣಮ್ಮ ಮಹಿಳಾ ಸ್ವಸಹಾಯ ಸಂಘದ ಅಧ್ಯಕ್ಷೆ. ಸಂಘಕ್ಕೆ ಪಾಲಿಕೆಯಿಂದ ಒಂದು ನೋಟಿಸು ಬಂದಿತ್ತು. ಕಾಮಗಾರಿಯ ಬಗ್ಗೆ ಏನಾದರೂ ಹೇಳುವುದಿದ್ದರೆ ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಆನ್‌ಲೈನ್ ಸಭೆಗೆ ಬರಬೇಕು. ಅಲ್ಲಿ ನಕ್ಷೆ ತೋರಿಸುತ್ತಾರೆ.

"ಸಂಘದ ಲ್ಯಾಪ್‌ಟಾಪ್ ಐತಲ್ಲ, ಅದ್ರಲ್ಲಿ ಕೂತ್ಕೊಂಡು ಮಾತಾಡಿ," ಎಂದರು ನಾರಾಯಣಮ್ಮ. ಲ್ಯಾಪ್‌ಟಾಪು ಆರು ತಿಂಗಳಿನಿಂದ ಟವೆಲು ಸುತ್ತಿಕೊಂಡು ಬೀರುವಿನಲ್ಲೇ ಮಲಗಿತ್ತು.

"ನಾನು ಇಲ್ಲೇ ಇವ್ನಿ. ಬೇಕಾದವ್ರು ಬಂದು ಕೇಳ್ಲಿ," ಎಂದರು ಚಿಕ್ಕಮಾರಯ್ಯ. "ಒಂದು ವೈರೂ ಇಲ್ದೆ ಅದು ಎಂಗೆ ಮಾತಾಡ್ತದೆ? ಅವೆಲ್ಲ ನನ್ ಕೈಲಿ ಆಗಾಕಿಲ್ಲ."

ಮಗ ಭೀಮರಾಜನಿಗೆ ಮೆಟ್ರೋದಲ್ಲಿ ಕೆಲಸ, ಮಂಗಳವಾರ ರಜೆ ಸಿಗುವಂತಿರಲಿಲ್ಲ. ನಾರಾಯಣಮ್ಮ ಪಕ್ಕದ ಮನೆಯ ನಸೀಮಾ ಅವರನ್ನು ಕರೆತಂದರು. ಟೆಲಿಫೋನ್ ಆಫೀಸಿನಲ್ಲಿ ದುಡಿದು ನಿವೃತ್ತರಾದವರು ಆಕೆ. ಬಡಾವಣೆಯಲ್ಲಿ ಯಾರ ಮೊಬೈಲು ಕೆಟ್ಟರೂ ಮೊದಲು ಅವರ ಮನೆ ಬಾಗಿಲಿಗೇ ಹೋಗುತ್ತಿತ್ತು.

"ಅಣ್ಣ, ನೀವು ದಿನಾ ರೇಡಿಯೋ ಕೇಳ್ತೀರಲ್ಲ, ಅದಕ್ಕೆ ಆಕಾಶವಾಣಿಯಿಂದ ವೈರ್ ಎಳ್ದಿದಾರಾ?" ಎಂದು ನಸೀಮಾ ಕೇಳಿದರು.

ಚಿಕ್ಕಮಾರಯ್ಯ ತಮ್ಮ ರೇಡಿಯೋ ಕಡೆ ತಿರುಗಿ ನೋಡಿದರು. ಈ ಮಾತು ಅವರಿಗೆ ಹೊಳೆದೇ ಇರಲಿಲ್ಲ.

"ಇದೂ ಹಂಗೇನೇ. ಭೀಮರಾಜ ಟೀವಿಗೆ ಅಂತ ಒಂದು ಪೆಟ್ಟಿಗೆ ಹಾಕ್ಸಿದಾನಲ್ಲ, ಅದು ಗಾಳೀಲಿ ಕಳ್ಸತ್ತೆ, ಇದು ಹಿಡ್ಕೊಳತ್ತೆ. ನಾನು ಹೇಳ್ತಾ ಹೋಗ್ತೀನಿ. ಕೈ ಮಾತ್ರ ನಿಮ್ದೇ ಇರ್ಬೇಕು."

ಭಾನುವಾರ ಮಧ್ಯಾಹ್ನ ಊಟದ ಮೇಲೆ ಮೂವರೂ ಮೇಜಿನ ಮುಂದೆ ಕೂತರು. ಪರದೆಯ ಬಲಗಡೆ ಕೆಳಗಿನ ಮೂಲೆಯಲ್ಲಿ ಬೀಸಣಿಗೆಯ ಹಾಗೆ ಒಂದು ಸಣ್ಣ ಗುರುತು. ಚಿಕ್ಕಮಾರಯ್ಯ ಬೆರಳು ಅಂಗಿಗೆ ಒರೆಸಿಕೊಂಡು ಅದನ್ನು ಒತ್ತಿದರು. ಹೆಸರುಗಳ ಉದ್ದ ಪಟ್ಟಿ ಬಿಚ್ಚಿಕೊಂಡಿತು. ಮಹಡಿಯ ಬಾಡಿಗೆಯವನಾದ ಮಣಿಕಂಠನದು ಒಂದು, ಎದುರು ಮನೆ ಬಿಂದುಶ್ರೀಯದು ಒಂದು, ಮಗ ಇಟ್ಟಿದ್ದ 'ಭೀಮ ಹೋಮ್' ಒಂದು. ಎಲ್ಲಕ್ಕಿಂತ ಮೇಲೆ 'ಫ್ರೀ ವೈಫೈ'.

"ಮೇಲಿಂದು ಬಿಟ್ಟಿ ಅಂತಲ್ಲ, ಅದನ್ನೇ ಒತ್ತಾನ," ಎಂದರು ಚಿಕ್ಕಮಾರಯ್ಯ.

"ಅದು ಯಾರ್ದು ಅಂತ ಗೊತ್ತಾ ಅಣ್ಣ?"

"ಇಲ್ಲ."

"ಯಾರ್ದೋ ಬಾವಿ, ಒಳಗೆ ಏನ್ ಬಿದ್ದಿದ್ಯೋ ಗೊತ್ತಿಲ್ಲ. ಬಿಟ್ಟಿ ಅಂತ ಕುಡೀತೀರಾ?"

ನೀರಿನ ಮಾತು ನೀರುಗಂಟಿಗೆ ತಟ್ಟನೆ ಹತ್ತಿತು. "ಬಿಲ್ಕುಲ್ ಇಲ್ಲ," ಎಂದರು.

"ಅದರ ಹಿಂದೆ ಕಳ್ಳ ಕೂತಿದ್ರೂ ನಮಗೆ ತಿಳಿಯಲ್ಲ. ನಮ್ಮ ಹೆಸ್ರು, ಪಾಸ್‌ವರ್ಡು ಕದಿಯೋಕೆ ಬಲೆ ಹಾಕಿರಬಹುದು. ನಮ್ಮನೇದು ಅಂತ ಗ್ಯಾರಂಟಿ ಇರೋದನ್ನೇ ಒತ್ತಬೇಕು."

'ಭೀಮ ಹೋಮ್' ಒತ್ತಿದಾಗ ಪಾಸ್‌ವರ್ಡು ಕೇಳಿತು. ಪೆಟ್ಟಿಗೆಯ ಜೊತೆ ಬಂದಿದ್ದ ಪಾಸ್‌ವರ್ಡನ್ನು ಬದಲಾಯಿಸಿ, ಹೊಸದನ್ನು ಭೀಮರಾಜ ತಾಯಿಯ ಪುಸ್ತಕದಲ್ಲಿ ಬರೆದಿಟ್ಟಿದ್ದ. ಚಿಕ್ಕಮಾರಯ್ಯ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ತಪ್ಪಾಯಿತು. ಮತ್ತೆ ಒತ್ತಿದರು. ಮತ್ತೆ ತಪ್ಪು. "ನಾನು ಆಗ್ಲೇ ಹೇಳ್ಲಿಲ್ವಾ," ಎಂದು ಕುರ್ಚಿ ಹಿಂದಕ್ಕೆ ತಳ್ಳಿದರು.

ನಾರಾಯಣಮ್ಮ ಕನ್ನಡಕ ಹಾಕಿಕೊಂಡು ಪುಸ್ತಕ ನೋಡಿದರು. "ಮೊದಲನೇದು ದೊಡ್ಡಕ್ಷರ ರೀ. ನೀವು ಚಿಕ್ಕದು ಒತ್ತಿದೀರಿ."

ಮೂರನೇ ಸಲಕ್ಕೆ ಕೂಡಿಕೊಂಡಿತು. ನಸೀಮಾ ಅದನ್ನು ತೆಗೆಸಿ, ಮತ್ತೆ ಎರಡು ಸಲ ಮೊದಲಿಂದ ಮಾಡಿಸಿದರು, ಅಭ್ಯಾಸವಾಗಲಿ ಎಂದು ಕೊನೆಗೂ ಪಾಸ್‌ವರ್ಡನ್ನು ಲ್ಯಾಪ್‌ಟಾಪಿನಿಂದ ಅಳಿಸಿಟ್ಟರು. ನೆಟ್ ಬರದಿದ್ದರೆ ಪೆಟ್ಟಿಗೆಯ ದೀಪ ನೋಡಬೇಕು, ಬೇಕಾದರೆ ಒಂದು ನಿಮಿಷ ಆರಿಸಿ ಹಾಕಬೇಕು ಎಂದರು. ಪರದೆಯ ಮೂಲೆಯಲ್ಲಿ ಬೀಸಣಿಗೆ ಹೋಗಿ ವಿಮಾನದ ಚಿತ್ರ ಬಂದಿದ್ದರೆ ಲ್ಯಾಪ್‌ಟಾಪಿನ ವೈಫೈ ಆರಿರುತ್ತದೆ, ವಿಮಾನವನ್ನು ಒತ್ತಿ ತೆಗೆಯಬೇಕು ಎಂದೂ ಹೇಳಿಕೊಟ್ಟರು. ಸಭೆಗೆ ಹೋಗಲು ಸಂಘದ ಇಮೇಲಿನಲ್ಲಿ ಒತ್ತಬೇಕಾದ ನೀಲಿ ಅಕ್ಷರಗಳನ್ನೂ ತೋರಿಸಿದರು.

ಮಂಗಳವಾರ ನಸೀಮಾ ಮನೆಯಲ್ಲಿರಲಿಲ್ಲ. ತಂಗಿಯನ್ನು ರೈಲು ಹತ್ತಿಸಲು ಯಶವಂತಪುರಕ್ಕೆ ಹೋಗಿದ್ದರು. ಗಂಡ ಹೆಂಡತಿ ಹತ್ತೂವರೆಗೇ ಕೂತರು. ಲ್ಯಾಪ್‌ಟಾಪು ತೆರೆದರೆ ಪಟ್ಟಿಯಲ್ಲಿ ಒಂದು ಹೆಸರೂ ಇಲ್ಲ.

ನಾರಾಯಣಮ್ಮ ನಸೀಮಾಗೆ ಫೋನು ಹಚ್ಚಿದರು. ರಿಂಗಾಯಿತು, ಎತ್ತಲಿಲ್ಲ. ಗಡಿಯಾರ ಹತ್ತೂ ಮುಕ್ಕಾಲು ದಾಟಿತು. ತೂಬು ಕಚ್ಚಿಕೊಂಡಾಗ ಅಪ್ಪ ಮಾಡುತ್ತಿದ್ದಂತೆ ಮೇಲಿಂದ ಒಂದೊಂದೇ ನೋಡಿಕೊಂಡು ಬರೋಣ ಎಂದು ಚಿಕ್ಕಮಾರಯ್ಯ ಎದ್ದರು. ಪೆಟ್ಟಿಗೆಯ ದೀಪ ಹಸಿರಾಗಿ ಉರಿಯುತ್ತಿತ್ತು. ಅಂದರೆ ಅಲ್ಲಿಯವರೆಗೆ ತೊಂದರೆ ಇಲ್ಲ. ಬಂದು ಪರದೆಯ ಮೂಲೆ ನೋಡಿದರು. ಬೀಸಣಿಗೆ ಇದ್ದ ಜಾಗದಲ್ಲಿ ಪುಟ್ಟ ವಿಮಾನ.

"ಬೆಳಿಗ್ಗೆ ಧೂಳು ಒರೆಸ್ದೆ, ಆಗ ನಾನೇ ಏನೋ ಒತ್ಬಿಟ್ನೇನೋ," ಎಂದರು ನಾರಾಯಣಮ್ಮ ಮೆಲ್ಲಗೆ.

"ಇರ್ಲಿ ಬುಡು." ಅವರು ವಿಮಾನವನ್ನು ಒತ್ತಿ ತೆಗೆದರು. ಹೆಸರುಗಳು ಒಂದೊಂದಾಗಿ ಮೂಡಿದವು. ಮೊದಲು ಬಂದದ್ದು 'ಫ್ರೀ ವೈಫೈ'.

"ಟೈಮ್ ಆಯ್ತು ರೀ, ಇವತ್ತೊಂದು ದಿನ ಅದನ್ನೇ ಹಾಕಿ."

"ಆಗಾಕಿಲ್ಲ. ನಮ್ದು ಬರೋಗಂಟ ಕಾಯಾನ."

'ಭೀಮ ಹೋಮ್' ಬಂತು. ದೊಡ್ಡಕ್ಷರದಿಂದ ಶುರುಮಾಡಿ ಒಂದೊಂದೇ ಒತ್ತಿದರು. ಬೀಸಣಿಗೆ ತುಂಬಿಕೊಂಡಿತು. ಸಭೆಯ ನೀಲಿ ಅಕ್ಷರಗಳನ್ನು ಒತ್ತಿದರು. ಹನ್ನೊಂದಕ್ಕೆ ಎರಡು ನಿಮಿಷವಿದ್ದಾಗ ಅವರ ಮುಖ ಪರದೆಯ ಮೇಲೆ, ಉಳಿದ ಹದಿನೆಂಟು ಮುಖಗಳ ನಡುವೆ ಬಂದು ಕೂತಿತು. ನಾರಾಯಣಮ್ಮ ಗಂಡನ ಕಾಲರು ಸರಿಮಾಡಿದರು.

ಎಂಜಿನಿಯರು ನಕ್ಷೆ ತೋರಿಸಿದರು. ಕಾಲುವೆಯ ಗೆರೆ ಕೆರೆಗೆ ನೂರಡಿ ಇರುವಾಗಲೇ ನಿಂತುಹೋಗಿತ್ತು. ಅಧ್ಯಕ್ಷತೆ ವಹಿಸಿದ್ದ ಮೇಡಂ ಪಟ್ಟಿ ನೋಡಿ, "ಸಿಂಗಾಪುರದ ಚಿಕ್ಕಮಾರಯ್ಯನವರು ಮಾತಾಡಬಹುದು" ಎಂದರು.

"ಸ್ವಾಮಿ, ನೀವು ಗೆರೆ ನಿಲ್ಸಿರೋ ಜಾಗದಾಗೆ ಕಾಲುವೆ ನಿಂತಿಲ್ಲ," ಎಂದು ಶುರುಮಾಡಿದರು ಅವರು. "ಅಲ್ಲಿಂದ ಕಲ್ಲುಮೋರಿ ಐತೆ. ಲಂಟಾನ ಬೆಳ್ಕೊಂಡು ಮುಚ್ಚೋಗದೆ. ನಮ್ದು ನೀರುಗಂಟಿಗಳ ಮನೆ, ನಮ್ ತಾತ ನಿಂತು ಕಟ್ಟಿಸಿದ್ದು. ಅದನ್ನ ಬುಡಿಸ್ದೆ ಮೇಲೆ ಚಪ್ಪಡಿ ಹಾಕುದ್ರೆ ನೀರು ವಾಪಸ್ ಬತ್ತದೆ. ನೀವು ಬನ್ನಿ, ನಾನು ನಿಂತು ತೋರಿಸ್ತೀನಿ. ಮೋರಿ ಸಿಗ್ಲಿಲ್ಲಾಂದ್ರೆ ನಾನು ಸುಳ್ಳುಗಾರ ಅಂತ ಬರ್ಕಳಿ."

ಎಂಜಿನಿಯರು ಗೆರೆ ನಿಂತ ಜಾಗವನ್ನು ದೊಡ್ಡದು ಮಾಡಿ ನೋಡಿದರು. ಆಮೇಲೆ "ಶುಕ್ರವಾರ ಬರ್ತೀವಿ ಯಜಮಾನ್ರೇ" ಎಂದರು.

ಶುಕ್ರವಾರ ಬಂದರು. ಚಿಕ್ಕಮಾರಯ್ಯ ಮುಂದೆ, ಅವರು ಹಿಂದೆ. ಪೊದೆ ಕಡಿದು ಎರಡಾಳು ಆಳ ಮಣ್ಣು ತೆಗೆಯಬೇಕಾಗುತ್ತದೆ ಎಂದು ಬಂದವರು ಅಂದುಕೊಂಡಿದ್ದರು. ಮೊಣಕಾಲುದ್ದ ತೆಗೆಯುವಷ್ಟರಲ್ಲಿ ಗುದ್ದಲಿ ಕಲ್ಲಿಗೆ ತಾಗಿ ಠಣ್ ಎಂದಿತು. ಎಂಜಿನಿಯರು ಕೂತು ಮೋರಿಯೊಳಗೆ ಟಾರ್ಚು ಬಿಟ್ಟರು. ಬೆಳಕು ಆ ಕಡೆ ಕೆರೆಯ ಅಂಚಿನ ಹುಲ್ಲಿಗೆ ಬಿತ್ತು.

ಯೋಜನೆ ಬದಲಾಯಿತು. ಕಾಲುವೆ ಮುಚ್ಚಲಿಲ್ಲ, ಮೋರಿ ಬಿಡಿಸಿ, ಹೂಳು ತೆಗೆದು ಬೇಲಿ ಹಾಕಿದರು. ಆಗಸ್ಟಿನಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ದಾಗ ಕೆಳಗಿನ ಬೀದಿಯ ಜನ ಹೊಸಿಲಲ್ಲಿ ನಿಂತು ನೀರು ಕೆರೆಯ ಕಡೆ ಓಡುವುದನ್ನು ನೋಡಿದರು.

ಸಭೆಯ ನಡಾವಳಿ ಸಂಘದ ಇಮೇಲಿಗೆ ಬಂದಿತ್ತು. ಚಿಕ್ಕಮಾರಯ್ಯ ತಾವೇ ಲ್ಯಾಪ್‌ಟಾಪು ತೆರೆದು, ತಾವೇ ವೈಫೈ ಹಾಕಿಕೊಂಡು ಓದಿದರು. 'ಸಿಂಗಾಪುರದ ನೀರುಗಂಟಿ ಶ್ರೀ ಚಿಕ್ಕಮಾರಯ್ಯನವರು ನೀಡಿದ ಮಾಹಿತಿಯಂತೆ' ಎಂದು ಮೊದಲ ಸಾಲಿನಲ್ಲೇ ಇತ್ತು. ಅಪ್ಪ ತೀರಿಕೊಂಡ ಮೇಲೆ ಆ ಮನೆಯವರನ್ನು ಯಾರೂ ನೀರುಗಂಟಿ ಎಂದು ಕರೆದಿರಲಿಲ್ಲ. ಅವರು ಎದೆ ಸೆಟೆಸಿ ಕೂತು, ಆ ಸಾಲನ್ನು ನಾರಾಯಣಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದರು. ನಸೀಮಾ ಬಂದಾಗ ಇನ್ನೊಮ್ಮೆ ಓದಿದರು.

ಈಗ ಪ್ರತಿ ಗುರುವಾರ ಸಂಘದ ಕೋಣೆಯಲ್ಲಿ ಅವರ ವಯಸ್ಸಿನವರು ಏಳೆಂಟು ಜನ ಸೇರುತ್ತಾರೆ. ಬೀಸಣಿಗೆ ಗುರುತು ಎಲ್ಲಿದೆ ಎಂದು ತೋರಿಸಿಕೊಡುವವರು ಚಿಕ್ಕಮಾರಯ್ಯನವರೇ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಬೀರುವಿನಲ್ಲೂ ಲ್ಯಾಪ್‌ಟಾಪು ಮಲಗಿದ್ದರೆ ಇವತ್ತೇ ಎಬ್ಬಿಸಿ. ಗುರುತು ಒತ್ತಿ, ನಿಮ್ಮ ಮನೆಯ ಅಥವಾ ಸಂಘದ ವೈಫೈ ಹೆಸರು ಯಾವುದೆಂದು ಕೇಳಿ ತಿಳಿದುಕೊಂಡು ಅದನ್ನೇ ಆಯ್ದುಕೊಳ್ಳಿ. ಯಾರದೆಂದು ಗೊತ್ತಿಲ್ಲದ ಬಿಟ್ಟಿ ವೈಫೈಗೆ ಕೈ ಹಾಕಬೇಡಿ, ನಿಮ್ಮ ಪಾಸ್‌ವರ್ಡು ಕಂಡಕಂಡವರಿಗೆ ಹೇಳಬೇಡಿ. ಎರಡು ಸಲ ತಪ್ಪಾದರೆ ಮೂರನೇ ಸಲ ಒತ್ತಿ. ನಿಮ್ಮ ಊರಿನ ಬಗ್ಗೆ ನಿಮಗಷ್ಟೇ ಗೊತ್ತಿರುವ ಮಾತೊಂದು ಇದ್ದೇ ಇರುತ್ತದೆ. ಅದನ್ನು ಕೇಳಬೇಕಾದವರು ಈಗ ಪರದೆಯ ಆ ಕಡೆ ಕೂತಿದ್ದಾರೆ. ಹೋಗಿ, ನಿಮ್ಮ ಹೆಸರು ಹೇಳಿ ಮಾತಾಡಿ.