ಅಂಗೈಯ ಬಿಸಿ

ಸಿಡುಬಿನಲ್ಲಿ ಕಣ್ಣು ಕಳೆದುಕೊಂಡ ಅನಾಥ ಮಕ್ಕಳಿಗೆಂದು ಕಲಬುರಗಿಯ ಕೋಟೆಯ ಹತ್ತಿರ ಊರ ಕಮಿಟಿ ಒಂದು ಮನೆ ನಡೆಸುತ್ತಿತ್ತು. ನೋಡಿಕೊಳ್ಳುವವಳು ಶಂಕ್ರಮ್ಮ. ಮುಸ್ಸಂಜೆ ಅವಳು ಗೋಡೆಯ ಮಾಡದಲ್ಲಿ ದೀಪ ಹಚ್ಚಿದರೆ ಮಕ್ಕಳು ಅದರ ಮುಂದೆ ಕೂತು ಶಿವನ ಪದ ಹೇಳಿ, ಅಂಗೈಗಳನ್ನು ಉರಿಯ ಕಡೆ ಹಿಡಿದು, ಆ ಬಿಸಿಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಆ ವರ್ಷ ಕಮಿಟಿ ಖರ್ಚು ಕಡಿಮೆ ಮಾಡಿತು. ಮೊದಲು ನಿಂತದ್ದು ಎಣ್ಣೆ.

"ಕುರುಡ ಮಕ್ಕಳಿಗಿ ದೀಪ ಯಾಕ?" ಎಂದರು ಕಮಿಟಿಯ ಲೆಕ್ಕ ನೋಡುವ ಪೇಶಕಾರ ವಾಸುದೇವರಾಯರು. "ನಾಳಿ ಕಿವುಡರಿಗಿ ನಗಾರಿ ಕೇಳ್ತಿ."

"ನನಗ ಕಾಣಬೇಕಲ್ರೀ ಸಾಹೇಬ್ರ."

"ಅವರಂಗ ನೀನೂ ರೂಢಿ ಮಾಡ್ಕೋ."

ಅಂದು ಸಂಜೆ ಶಂಕ್ರಮ್ಮ ಎಣ್ಣೆಯಿಲ್ಲದೆ ಒಣಗಿದ ಪಣತಿಯನ್ನೇ ಮಾಡದಲ್ಲಿಟ್ಟು, "ದೀಪ ಹಚ್ಚೀನ್ರವ್ವ" ಎಂದಳು. ದೇವರ ಹೆಸರಿನಲ್ಲಿ ಅವಳು ಆಡಿದ ಮೊದಲ ಸುಳ್ಳು. ಮಕ್ಕಳು ಎಂದಿನಂತೆ ಕೈ ಚಾಚಿದರು. ಎಲ್ಲರಿಗಿಂತ ಸಣ್ಣವಳು ಚಂದಮ್ಮ ಮಾತ್ರ ಮುಖ ಹಿಂದೆ ಸರಿಸಿ,

"ಅವ್ವಾ, ಇವತ್ತ ಉರಿ ದೊಡ್ಡದದ" ಎಂದಳು.

ಪಣತಿ ಮುಟ್ಟಿ ನೋಡಲು ಶಂಕ್ರಮ್ಮನಿಗೆ ಧೈರ್ಯ ಬರಲಿಲ್ಲ.

ಆಮೇಲೆ ಜೋಳವೂ ನಿಂತಿತು. ಮನೆಗೆ ಬೀಗ ಬಿತ್ತು. ಮಕ್ಕಳನ್ನು ಕೇಳಿದವರಿಗೆ ಕೊಟ್ಟರು. ಚಂದಮ್ಮ ತೊಟ್ಟಿಲು ತೂಗಲು ಕಮಲಾಪುರದ ವಿಮಲಾಬಾಯಿಯ ಮನೆಗೆ ಹೋದಳು. ಅದೊಂದು ಕೂಸನ್ನಾದರೂ ಬಿಡಿರೆಂದು ಶಂಕ್ರಮ್ಮ ಕಾಲಿಗೆ ಬಿದ್ದದ್ದು ನಡೆಯಲಿಲ್ಲ. ಕಂಡವರ ಮನೆಯ ಹಿಟ್ಟು ಬೀಸುತ್ತ, ಬೀಸುವ ಪದದಲ್ಲಿ ಚಂದಮ್ಮನ ಹೆಸರನ್ನೇ ಸೇರಿಸಿ ಹಾಡುತ್ತಿದ್ದಳು.

ಮಳೆಗಾಲ ಮುಗಿದಾಗ, ಕಮಲಾಪುರದ ಬಾಳೆಗೊನೆ ಹೇರುವ ನಬಿಸಾಬ್ ಬಂಡಿ ನಿಲ್ಲಿಸಿದ.

"ಹುಡುಗಿನ ವಾಪಸ್ ಒಯ್ಯಬೇಕಂತ, ಶಂಕ್ರಮ್ಮ. ವಿಮಲಾಬಾಯಿ ಅಂಜ್ಯಾರ."

ಬಂಡಿ ಕಮಲಾಪುರ ಮುಟ್ಟಿದಾಗ ವಿಮಲಾಬಾಯಿ ಮನೆಯ ಹೊರಗೇ ನಿಂತಿದ್ದಳು.

"ಹೊಡದಿಲ್ಲ, ಉಪವಾಸ ಹಾಕಿಲ್ಲ. ಆದರ ಸಂಜಿಗಿ ಬರೇ ಗ್ವಾಡಿಗಿ ಕೈ ಕಾಯಿಸ್ತಾಳ. ಅಲ್ಲಿ ಮಸಿ ಹತ್ತೇದ, ಒರಸಿದರ ಹೋಗವಲ್ದು. ನನ್ನ ಕೂಸು ತೊಟ್ಟಿಲದಾಗಿಂದ ಅಲ್ಲೇ ನೋಡಿ ನಗ್ತದ. ಒಯ್ಯಿ ತಾಯಿ, ನಿನ್ನ ಪುಣ್ಯ."

ಶಂಕ್ರಮ್ಮ ಮಗುವನ್ನು ಅಪ್ಪಿಕೊಂಡು ಬಂಡಿ ಹತ್ತಿದಳು. ಅಮಾವಾಸ್ಯೆಯ ಸಂಜೆ. ಎದುರಿಗೆ ಪಡುವಣದ ಕೆಂಪು ಆರಿತ್ತು. ಕಲಬುರಗಿಯ ದಾರಿಯಲ್ಲಿ ಬೇರೆ ಬಂಡಿ ಇರಲಿಲ್ಲ.

"ಯಾರದವ್ವ ಲಾಟೀನು, ಹಿಂದ?" ಎಂದ ನಬಿಸಾಬ್.

ಎತ್ತುಗಳ ನೆರಳು, ಬಂಡಿಯ ನೆರಳು, ಅವರ ಮೂವರ ನೆರಳು ಮುಂದಿನ ದಾರಿಯ ಮೇಲೆ ಉದ್ದಕ್ಕೆ ಬಿದ್ದಿದ್ದವು.

ಚಂದಮ್ಮ ಹಿಂದಕ್ಕೆ ತಿರುಗಿ ಕತ್ತಲಿಗೆ ಅಂಗೈ ಹಿಡಿದಳು.

"ನಮ್ಮ ಸಂಗಟ ಅದನ್ನೂ ಮನಿ ಬಿಡಿಸ್ಯಾರಲ್ಲವ್ವ. ನೀ ಹಚ್ಚೀನಿ ಅಂದಾಗಿಂದ ನನ್ನ ಹಿಂದೇ ಬರ್ಲಾಕತ್ತದ."

ನಬಿಸಾಬ್ ಎತ್ತುಗಳನ್ನು ಓಡಿಸಿದ. ನೆರಳುಗಳು ಅಷ್ಟೇ ಉದ್ದ ಉಳಿದವು.

ಶಂಕ್ರಮ್ಮ ತಿರುಗಿ ನೋಡಲಿಲ್ಲ. ಮಗುವನ್ನು ಒಂದು ತೋಳಿನಲ್ಲಿ ಬಿಗಿ ಹಿಡಿದು, ಇನ್ನೊಂದು ಕೈಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಚಾಚಿದಳು. ಆಮೇಲೆ ಆ ಅಂಗೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು.