ಒಳಗೆ ಮಡಚಿಟ್ಟ ನೀಲಿ ಬಟ್ಟೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಾರೆ. ಇರಲಿ. ಇಪ್ಪತ್ತೆರಡು ವರ್ಷ ಹೊಲಿಗೆ ಮಿಷಿನ್ ಮುಂದೆ ಕೂತು, ಬೆಳಿಗ್ಗೆ ಬಟ್ಟೆ ಕೊಟ್ಟು ಸಂಜೆಗೆ ಬೇಕು ಅನ್ನುವವರ ಜೊತೆ ಏಗಿದವಳ ಸಿಟ್ಟು ಇನ್ನೆಲ್ಲಿರಬೇಕು? ಆದರೆ ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನೇ. ಹಾಗಾಗಿ ಸಿಟ್ಟನ್ನು ಪಕ್ಕಕ್ಕಿಟ್ಟು ಹೇಳುತ್ತೇನೆ. ಆದಷ್ಟು.

ನನ್ನ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇದೆ. ಒಂದು ಮಿಷಿನ್, ಒಂದು ಕತ್ತರಿಸುವ ಮೇಜು, ಆಳೆತ್ತರದ ಕನ್ನಡಿ, ಅತ್ತೆ ಕೂತು ಗುಂಡಿ ಹಾಕುವ ಸ್ಟೂಲು. ನನ್ನ ಗಂಡ ಕ್ರೇನ್ ಆಪರೇಟರ್. ದೊಡ್ಡ ಕಟ್ಟಡ ಏಳುವ ಕಡೆ ಒಂಟಿ ಕಾಲಲ್ಲಿ ನಿಂತಿರುತ್ತದಲ್ಲ, ಆ ಕ್ರೇನಿನ ತುದಿಯ ಗಾಜಿನ ಕ್ಯಾಬಿನ್‌ನಲ್ಲಿ ಕೂತು ಕಬ್ಬಿಣ, ಕಾಂಕ್ರೀಟು ಎತ್ತಿ ಇಳಿಸುವುದು ಇವರ ಕೆಲಸ. ಸೈಟಿನವರು ಇವರನ್ನು ಕರೆಯುವುದೇ 'ಮೇಲಿನಣ್ಣ' ಅಂತ. ಹಾಗೆ ಕರೆದರೆ ಇವರು ಉಬ್ಬಿಹೋಗುತ್ತಾರೆ.

ಉಬ್ಬುವ ವಿಷಯಕ್ಕೇ ಬರುತ್ತೇನೆ. ಮದುವೆಯಾದ ಮೊದಲನೇ ವರ್ಷ ಒಂದು ಬೆಳಿಗ್ಗೆ ಇವರ ಪ್ಯಾಂಟಿನ ಗುಂಡಿ ಹಾಕಲು ಬರಲಿಲ್ಲ. ಉಸಿರು ಬಿಗಿಹಿಡಿದರು, ಕುಣಿದರು, ಮಂಚದ ಮೇಲೆ ಅಂಗಾತ ಮಲಗಿ ಎಳೆದರು. ಊಹೂಂ. ಮುಖ ಇಷ್ಟುದ್ದ ಮಾಡಿಕೊಂಡು ಎರಡು ದಿನ ಅರ್ಧ ಊಟಕ್ಕೇ ಎದ್ದರು. ನನಗೆ ಅಯ್ಯೋ ಅನ್ನಿಸಿತು. ಹೊಸ ಮದುವೆ ನೋಡಿ, ಕರುಳು ಇನ್ನೂ ಮೆತ್ತಗಿತ್ತು. ಇವರು ಕೆಲಸಕ್ಕೆ ಹೋದ ಮೇಲೆ ಪ್ಯಾಂಟಿನ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಮಾರ್ಜಿನ್‌ನಲ್ಲಿ ಒಂದಿಂಚು ಹೊರಗೆ ತಂದು ಮತ್ತೆ ಹೊಲಿದಿಟ್ಟೆ. ಮಾರನೆಯ ದಿನ ಅದು ಸಲೀಸಾಗಿ ಏರಿತು.

"ನೋಡಿದ್ಯಾ? ಎರಡೇ ದಿನ ಕಮ್ಮಿ ತಿಂದೆ, ಹೇಗೆ ಇಳಿದುಬಿಟ್ಟೆ!" ಅಂದವರು ಆ ಖುಷಿಯಲ್ಲಿ ಮೂರು ಸಲ ಬಡಿಸಿಕೊಂಡು ಉಂಡರು.

ಅಲ್ಲಿಂದ ಶುರುವಾಯಿತು ನೋಡಿ. ಪ್ಯಾಂಟು ಬಿಗಿಯಾಗುವ ಮೊದಲೇ ನಾನು ಬಿಡಿಸುವುದು, ಹೊಸದು ಹೊಲಿದಾಗ ಬಾಯಿ ಬಿಡದೆ ಒಂದಿಂಚು ಸೇರಿಸುವುದು. ನನ್ನ ಅಳತೆ ಪುಸ್ತಕದ ಮೊದಲ ಪುಟದಲ್ಲಿ, ಇವರು ಬರೀ ಗಿರಾಕಿಯಾಗಿದ್ದಾಗ ಬರೆದುಕೊಂಡ 'ಸೊಂಟ ಮೂವತ್ತನಾಲ್ಕು' ಹಾಗೇ ಇತ್ತು. ಬಂದವರಿಗೆಲ್ಲ ಇವರು ಅದನ್ನು ತೋರಿಸುತ್ತಿದ್ದರು. ನಿಜವಾದ ಸೊಂಟ ಐವತ್ತೆರಡು ತಲುಪಿತ್ತು. ಬೆಲ್ಟಾದರೂ ಹಾಕುತ್ತಿದ್ದರೆ ತೂತುಗಳೇ ಹೇಳುತ್ತಿದ್ದವು. ಆದರೆ ಹೆಂಡತಿ ಹೊಲಿದ ಪ್ಯಾಂಟಿಗೆ ಬೆಲ್ಟು ಯಾಕೆ ಅನ್ನುವ ಜಂಬ ಬೇರೆ.

ಹೋದ ವರ್ಷ ಸೈಟಿಗೆ ಹೊಸ ಸುರಕ್ಷತಾ ಅಧಿಕಾರಿ ಬಂದರು. ಎಲ್ಲರೂ ಸೇಫ್ಟಿ ಮೇಡಂ ಅನ್ನುತ್ತಾರೆ. ಸಣ್ಣ ಆಕೃತಿ, ಸಣ್ಣ ದನಿ, ಹೇಳಿದ್ದು ಮಾತ್ರ ಕಲ್ಲಿನ ಮೇಲೆ ಕೊರೆದ ಹಾಗೆ. ಕ್ರೇನ್ ಹತ್ತುವವರೆಲ್ಲ ಉಗ್ರಾಣದ ಮುಂದಿನ ತೂಕದ ಯಂತ್ರದ ಮೇಲೆ ನಿಲ್ಲಬೇಕು ಅಂದರು. ಇವರು ನಿಂತರು. ನೂರ ಮೂವತ್ತೊಂದು.

"ಮಿಷಿನ್ ಕೆಟ್ಟಿದೆ" ಅಂದರಂತೆ ಇವರು.

ಐವತ್ತು ಕಿಲೋ ಸಿಮೆಂಟಿನ ಚೀಲ ತಂದಿಟ್ಟರು. ಸರಿಯಾಗಿ ಐವತ್ತು ತೋರಿಸಿತು.

"ಅಣ್ಣಾ, ನಿಮ್ಮ ಕೆಲಸದ ಬಗ್ಗೆ ಯಾರೂ ಎರಡು ಮಾತಾಡಲ್ಲ" ಅಂದರು ಮೇಡಂ. "ಆದ್ರೆ ಏಣೀಲಿ ಕಾಲು ಜಾರಿದ್ರೆ ಹಿಡಿಯೋ ಬೆಲ್ಟು ನೂರು ಕಿಲೋವರೆಗೆ ಮಾತ್ರ. ಎರಡನೇ ಕಟ್ಟಡದ ಕ್ರೇನ್ ನಿಲ್ಲೋಕೆ ಇನ್ನು ಎಂಟು ತಿಂಗಳಿದೆ. ಅಷ್ಟರಲ್ಲಿ ಬಟ್ಟೆ, ಬೂಟು, ಹೆಲ್ಮೆಟ್ಟು ಎಲ್ಲಾ ಸೇರಿ ನೂರಕ್ಕೆ ಬನ್ನಿ, ಕ್ಯಾಬಿನ್ ನಿಮ್ದೇ. ಇಲ್ಲಾಂದ್ರೆ ಬೇರೆಯವರ ಹೆಸರು ಬರೀಬೇಕಾಗುತ್ತೆ."

ಆ ಎಂಟು ತಿಂಗಳು ಇವರಿಗೆ ನೆಲದ ಮೇಲೆ ನಿಂತು, ಮೇಲೆ ಕೂತ ಇನ್ನೊಬ್ಬರಿಗೆ ವಾಕಿಟಾಕಿಯಲ್ಲಿ ಎಡ, ಬಲ ಹೇಳುವ ಕೆಲಸ. ಆ ಸಂಜೆ ಇವರು ಬೂಟು ಕೂಡ ಬಿಚ್ಚದೆ ನನ್ನ ಮೇಜಿನ ಪಕ್ಕ ಕೂತು ಅತ್ತರು. ನಾನು ಇವರು ಅತ್ತದ್ದು ನೋಡಿದ್ದು ಅದೇ ಮೊದಲು.

"ಮೇಲೆ ಕೂತ್ರೆ ನಾನು ದಪ್ಪ ಅಂತಾನೇ ಗೊತ್ತಾಗಲ್ಲ ಕಣೇ. ಎರಡು ಬೆರಳು ಆಡಿಸಿದ್ರೆ ಒಂದು ಗೋಡೆ ಎದ್ದುಬಂದು ನಿಲ್ಲುತ್ತೆ. ಈಗ್ಲೂ ಎಲ್ಲರೂ ಮೇಲಿನಣ್ಣ ಅಂತಾನೇ ಕರೀತಾರೆ. ಹಾಗಂದಾಗೆಲ್ಲ ಚುಚ್ಚುತ್ತೆ."

ಒಂದೊಂದೇ ಇಂಚು ಬಿಡಿಸಿ ಇವರನ್ನು ಕೆಳಗೆ ಇಳಿಸಿದವಳು ನಾನೇ ಅಲ್ಲವೇ? ಆದರೆ ಬಾಯಿ ಬಿಡಲಿಲ್ಲ. ಧೈರ್ಯ ಬರಲಿಲ್ಲ.

ಮಾರನೆಯ ದಿನವೇ ಡಾಕ್ಟರ ಹತ್ತಿರ ಹೋಗಿ, ಏನು ತಿನ್ನಬೇಕು, ಎಷ್ಟು ನಡೆಯಬೇಕು ಅಂತ ಚೀಟಿ ಬರೆಸಿಕೊಂಡು ಬಂದರು. ಜೊತೆಗೆ ಒಂದು ಹಠ. ಸಿಮೆಂಟು ಚೀಲದ ಪಕ್ಕ ನಿಲ್ಲಿಸಿ ಮಾನ ತೆಗೆದ ಆ ಯಂತ್ರದ ಮುಖವನ್ನು ಎಂಟು ತಿಂಗಳು ನೋಡುವುದಿಲ್ಲವಂತೆ. "ನನ್ನ ಪ್ಯಾಂಟೇ ನಂಗೆ ಹೇಳುತ್ತೆ. ಸಡಿಲ ಆದ್ರೆ ಇಳಿದೆ ಅಂತ ಲೆಕ್ಕ."

ದಿನಾ ಬೆಳಿಗ್ಗೆ ಅಮ್ಮನ ಜೊತೆ ಪಾರ್ಕಿಗೆ ಹೊರಟರು. ಅತ್ತೆಗೆ ಎಪ್ಪತ್ನಾಲ್ಕು, ಕಡ್ಡಿಯಂಥ ಮೈ, ಕಾಲಿಗೆ ಚಕ್ರ. ಮೊದಲ ವಾರ ಇವರು ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ತಲುಪುವಷ್ಟರಲ್ಲಿ ಅತ್ತೆ ಒಂದು ಸುತ್ತು ಮುಗಿಸಿ ಹಿಂದಿನಿಂದ ಬರುತ್ತಿದ್ದರಂತೆ. "ದಾರಿ ಬಿಡಪ್ಪಾ, ನಿನ್ನ ಹೆತ್ತವಳು ಬರ್ತಿದ್ದಾಳೆ!" ಸೈಟಿನಲ್ಲಿ ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದರು. ಕಟ್ಟಡ ಆಗ ನಾಲ್ಕು ಮಹಡಿ ಇತ್ತು. ಹತ್ತು ದಿನಕ್ಕೊಂದು ಮಹಡಿ ಏಳುತ್ತಿತ್ತು, ಇವರ ಮೆಟ್ಟಿಲೂ ಅಷ್ಟಷ್ಟೇ ಜಾಸ್ತಿಯಾಗುತ್ತಿತ್ತು. ಬಿಸ್ಕತ್ತಿನ ಡಬ್ಬಿಯನ್ನು ಅತ್ತೆ ನನ್ನ ಲೈನಿಂಗ್ ಬಟ್ಟೆಗಳ ರಾಶಿಯಲ್ಲಿ ಬಚ್ಚಿಟ್ಟರು. ಆಮೇಲೆ ಅದನ್ನು ಖಾಲಿ ಮಾಡಿದ್ದು ನಾನು, ಅದು ಬೇರೆ ವಿಷಯ.

ಈಗ ನನ್ನ ಎರಡನೇ ತಪ್ಪು ಕೇಳಿ. ಒಂದೂವರೆ ತಿಂಗಳಾಗುವಷ್ಟರಲ್ಲಿ ಪ್ಯಾಂಟು ಹಿಂದೆ ಜೋಲತೊಡಗಿತು. ದರ್ಜಿಯ ಗಂಡ ಜೋಲು ಪ್ಯಾಂಟಿನಲ್ಲಿ ಬೀದಿಯಲ್ಲಿ ನಡೆದರೆ ನನ್ನ ಅಂಗಡಿಯ ಮರ್ಯಾದೆ ಏನಾಗಬೇಕು? ಕೈ ತಾನಾಗಿಯೇ ಹೋಯಿತು. ಒಂದಿಂಚು ಒಳಗೆ ಮಡಚಿ ಹೊಲಿದೆ. ಮುಂದಿನ ತಿಂಗಳು ಇನ್ನೆರಡು ಇಂಚು. ಸೈಟಿಗೆ ಹಾಕುವ ನೀಲಿ ಜಾಕೆಟ್ಟಿಗೂ ಅದೇ ಉಪಚಾರ. ಇಪ್ಪತ್ತೆರಡು ವರ್ಷದ ಅಭ್ಯಾಸ ಸ್ವಾಮಿ, ಇವರ ಬಟ್ಟೆ ಇವರ ಮೈಗೆ ಸರಿಯಾಗಿ ಕೂರಬೇಕು, ಅಷ್ಟೇ ನನಗೆ ಗೊತ್ತು. ಇವರು ಆ ಪ್ಯಾಂಟನ್ನೇ ತಕ್ಕಡಿ ಮಾಡಿಕೊಂಡಿದ್ದಾರೆ ಅನ್ನುವುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ನಾಲ್ಕನೇ ತಿಂಗಳ ಒಂದು ಭಾನುವಾರ ಇವರು ಪಾರ್ಕಿಗೆ ಹೋಗಲಿಲ್ಲ. ಬೂಟುಗಳನ್ನು ಮೂಲೆಗೆ ಎಸೆದು ಕೂತುಬಿಟ್ಟರು.

"ನಾಳೆ ಮೇಡಂಗೆ ಹೇಳಿಬಿಡ್ತೀನಿ, ಬೇರೆಯವರ ಹೆಸರು ಬರ್ಕೊಳ್ಳಿ ಅಂತ."

"ಯಾಕ್ರೀ? ಏನಾಯ್ತು?"

"ಏನಾಗ್ಬೇಕು? ನಾಲ್ಕು ತಿಂಗಳು ಹುಲ್ಲು ಮೇದ ಹಾಗೆ ಸೊಪ್ಪು ತಿಂದೆ. ದಿನಾ ಹದಿನಾರು ಮಹಡಿ ಹತ್ತಿ ಇಳಿದೆ. ಪ್ಯಾಂಟು ನೋಡು! ಒಂದು ಬೆರಳು ತೂರಿಸೋಕೂ ಜಾಗ ಇಲ್ಲ. ಸೈಟಲ್ಲಿ ಎಲ್ಲರೂ ಇಳಿದುಬಿಟ್ರಿ, ಇಳಿದುಬಿಟ್ರಿ ಅಂತ ಆಡ್ಕೊಳ್ತಾರೆ. ಪ್ಯಾಂಟು ಸುಳ್ಳು ಹೇಳುತ್ತಾ? ನನ್ನ ಕೈಲಿ ಆಗಲ್ಲ ಕಣೇ. ನಾನು ನೆಲದವನೇ."

ಆಗ ನನ್ನ ಮಂಡೆಗೆ ಹೊಳೆಯಿತು. ಸ್ಟೂಲಿನ ಮೇಲೆ ಗುಂಡಿ ಹಾಕುತ್ತಿದ್ದ ಅತ್ತೆ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

"ನೀನು ಹೇಳ್ತೀಯಾ, ನಾನು ಹೇಳ್ಲಾ?"

ಈ ಮುದುಕಿಗೆ ಎಲ್ಲಾ ಗೊತ್ತಿತ್ತು! ನಾನು ಮಿಷಿನ್ ಬಿಟ್ಟು ಎದ್ದು, "ಪ್ಯಾಂಟು ಬಿಚ್ಚಿ ಕೊಡ್ರೀ" ಅಂದೆ.

"ಈಗ್ಲೇನಾ?"

"ಕೊಡೀಂದ್ರೆ ಕೊಡಿ!"

ಇವರು ಟವೆಲ್ ಸುತ್ತಿಕೊಂಡು ಪ್ಯಾಂಟು ಕೊಟ್ಟರು. ಮೇಜಿನ ಮೇಲೆ ಹರಡಿ, ಎರಡು ಪಕ್ಕ, ಹಿಂದಿನ ಸೀಳು, ತೊಡೆ, ಎಲ್ಲ ಕಡೆ ಮಡಚಿದ ಹೊಲಿಗೆಯನ್ನು ಪರಪರ ಬಿಚ್ಚಿದೆ. ಹಳೆಯ ಹೊಲಿಗೆಯವರೆಗೂ ಬಿಚ್ಚಿ ಇವರ ಕೈಗಿಟ್ಟೆ. "ಹಾಕ್ಕೊಳ್ಳಿ."

ಹಾಕಿಕೊಂಡು ಗುಂಡಿ ಹಾಕಿ ಕೈ ಬಿಟ್ಟರು. ಪ್ಯಾಂಟು ಸರ್ರನೆ ಪಾದಕ್ಕೆ ಬಂದು ಬಿತ್ತು.

ಎತ್ತಿ ಮತ್ತೆ ಹಾಕಿದರು. ಮತ್ತೆ ಬಿತ್ತು. ಅತ್ತೆ ನಕ್ಕು ನಕ್ಕು ಕೈಯಲ್ಲಿದ್ದ ಗುಂಡಿಗಳನ್ನೆಲ್ಲ ನೆಲಕ್ಕೆ ಚೆಲ್ಲಿದರು. ಇವರು ಮಾತ್ರ ನಗದೆ ಕನ್ನಡಿಯನ್ನೂ ನನ್ನನ್ನೂ ನೋಡಿದರು.

"ನೀನು ಒಳಗೆ ಹಿಡಿದು ಹೊಲೀತಿದ್ಯಾ?"

"ಹೌದು."

ಬಗ್ಗಿ ಬಿಚ್ಚಿದ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಹಾಗಾದ್ರೆ ಅದಕ್ಕೆ ಮುಂಚೆ?"

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಎಲ್ಲಾ ಹೇಳಿಬಿಟ್ಟೆ. ಮೊದಲನೇ ವರ್ಷದ ಗುಂಡಿಯಿಂದ ಹಿಡಿದು ಪುಸ್ತಕದ ಮೂವತ್ತನಾಲ್ಕರವರೆಗೆ. "ನಿಮ್ಮ ಮುಖ ಬಾಡೋದು ನೋಡೋಕಾಗ್ತಿರ್ಲಿಲ್ಲ ರೀ. ನಿಮ್ಮನ್ನ ಕ್ಯಾಬಿನ್‌ನಿಂದ ಇಳಿಸಿದ್ದು ನಾನೇ" ಅಂದು ಗಳಗಳನೆ ಅತ್ತುಬಿಟ್ಟೆ. ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ತಿರುಗಿ ಬೈಯಲು ನಾನೂ ತಯಾರಿದ್ದೆ, ಸುಳ್ಳೇಕೆ.

"ಕನ್ನಡಿ ನಂಗೂ ಕಾಣ್ತಿತ್ತು ಕಣೇ" ಅಂದರು ಇವರು ಮೆತ್ತಗೆ. "ಪ್ಯಾಂಟು ಹಿಡಿಸುತ್ತಲ್ಲ, ಇನ್ನೇನು ಅಂತ ನಾನೇ ಕಣ್ಣು ಮುಚ್ಕೊಂಡಿದ್ದೆ. ಉಂಡಿದ್ದು ನಾನು ತಾನೇ? ನಿನ್ನ ಸೂಜಿ ಅಲ್ವಲ್ಲ." ಆಮೇಲೆ ಪಾದದ ಸುತ್ತ ಬಿದ್ದ ಪ್ಯಾಂಟನ್ನು ನೋಡಿ ಇವರ ಹೊಟ್ಟೆ ಕುಲುಕತೊಡಗಿತು. ಕುಲುಕಲು ಅಲ್ಲಿ ಮೊದಲಿನಷ್ಟು ಹೊಟ್ಟೆಯೂ ಉಳಿದಿರಲಿಲ್ಲ. "ಅಮ್ಮಾ, ಏಳು. ಬೂಟು ಎಲ್ಲಿ? ಪಾರ್ಕಿಗೆ ಹೋಗೋಣ!"

ಸಡಿಲ ಬಟ್ಟೆ ಏಣಿಗೆ ಸಿಕ್ಕಿಕೊಳ್ಳುತ್ತದೆ ಅಂತ ಸೈಟಿನಲ್ಲಿ ಬಿಡುವುದಿಲ್ಲ. ಹಾಗಾಗಿ ಪ್ಯಾಂಟನ್ನು ಮತ್ತೆ ಮಡಚಿ ಹೊಲಿಯಲೇಬೇಕಾಯಿತು, ಈ ಸಲ ಇವರ ಕಣ್ಣೆದುರಿಗೇ. ಪ್ರತಿ ಇಂಚಿಗೂ ಅತ್ತೆ ಚಪ್ಪಾಳೆ ತಟ್ಟುತ್ತಿದ್ದರು. ಮಡಚಿದ ಬಟ್ಟೆ ಒಳಗೆ ದಪ್ಪಗೆ ಕೂತಿತ್ತು. ಕತ್ತರಿಸಿಬಿಡಲಾ ಅಂತ ಒಂದು ಸಲ ಕೇಳಿದೆ.

"ಬೇಡ, ಇರ್ಲಿ" ಅಂದರು. "ನನ್ನ ಮೇಲೆ ನಂಗಿನ್ನೂ ಅಷ್ಟು ನಂಬಿಕೆ ಇಲ್ಲ."

ಇವರ ನೆವ ಅದು. ನನಗೂ ಕತ್ತರಿಸಲು ಮನಸ್ಸಿರಲಿಲ್ಲ. ಮಡಚಿದ್ದನ್ನು ಎಂದಾದರೂ ಬಿಡಿಸಬಹುದು, ಕತ್ತರಿಸಿದರೆ ಮುಗಿಯಿತು. ಇವರ ಬಟ್ಟೆಯಲ್ಲಿ ನಾನು ಒಂದು ದಿನವೂ ಮಾರ್ಜಿನ್ ಕತ್ತರಿಸಿದವಳಲ್ಲ.

ಎಂಟು ತಿಂಗಳು ತುಂಬಿದ ಬೆಳಿಗ್ಗೆ ಮೂವರೂ ಸೈಟಿಗೆ ಹೋದೆವು. ಹೊಸ ಕ್ರೇನ್ ಹಳದಿ ಬಣ್ಣದಲ್ಲಿ ಥಳಥಳ ಅನ್ನುತ್ತಿತ್ತು. ಹನ್ನೊಂದು ಗಂಟೆಗೆ ಮೇಡಂ ಆಪರೇಟರ ಹೆಸರು ಕೊಡಬೇಕಿತ್ತು. ಇವರು ಜೇಬು ಖಾಲಿ ಮಾಡಿದರು, ಗಡಿಯಾರ ಬಿಚ್ಚಿ ಅಮ್ಮನ ಕೈಗೆ ಕೊಟ್ಟರು. ಬನಿಯನ್ನನ್ನಂತೂ ಮನೆಯಲ್ಲೇ ಬಿಟ್ಟು ಬಂದಿದ್ದರು. ಉಗ್ರಾಣದ ಮುಂದೆ ಅರ್ಧ ಸೈಟೇ ನೆರೆದಿತ್ತು. ಯಂತ್ರದ ಮೇಲೆ ನಿಂತು ಕಣ್ಣು ಮುಚ್ಚಿಕೊಂಡರು.

"ನೂರು..." ಅಂದರು ಮೇಡಂ. ಆಮೇಲೆ ದನಿ ಇನ್ನೂ ಸಣ್ಣದಾಯಿತು. "ನೂರು ಕಿಲೋ ಇನ್ನೂರು ಗ್ರಾಂ."

ಅತ್ತೆ, "ಇನ್ನೂರು ಗ್ರಾಂ ಅಂದ್ರೆ ಒಂದು ಲೋಟ ನೀರಮ್ಮಾ!" ಅಂತ ಜಗಳಕ್ಕೇ ನಿಂತರು.

"ಗೊತ್ತಮ್ಮಾ, ನಂಗೂ ಹೊಟ್ಟೆ ಉರಿಯುತ್ತೆ. ಆದ್ರೆ ಬೆಲ್ಟಿಗೆ ಅದು ಗೊತ್ತಾಗಲ್ವಲ್ಲ" ಅಂದ ಮೇಡಂ ಗಡಿಯಾರ ನೋಡಿದರು. ಹತ್ತು ಮುಕ್ಕಾಲು.

ಇವರು ಯಂತ್ರದಿಂದ ಇಳಿದರು. ಕೈ ಸೋತು ಪಕ್ಕಕ್ಕೆ ಬಿತ್ತು, ಪ್ಯಾಂಟಿನ ಪಕ್ಕದ ಹೊಲಿಗೆಗೆ ತಾಗಿತು. ಅಲ್ಲೇ ನಿಂತಿತು. ಎರಡು ಬೆರಳಲ್ಲಿ ಆ ದಪ್ಪವನ್ನು ಹಿಸುಕಿ ನೋಡಿದರು. ನನ್ನ ಕಡೆ ತಿರುಗಿದರು.

"ಕತ್ತರಿ ತಂದಿದ್ದೀಯಾ?"

ನನ್ನ ಚೀಲದಲ್ಲಿ ಕತ್ತರಿ ಇಲ್ಲದ ದಿನ ಉಂಟೇ? ಉಗ್ರಾಣದ ಒಳಗೆ, ಬಣ್ಣದ ಡಬ್ಬಿಗಳ ಹಿಂದೆ, ಇವರು ಟಾರ್ಪಾಲು ಸುತ್ತಿಕೊಂಡು ನಿಂತರು. ನಾನು ಪ್ಯಾಂಟನ್ನೂ ಜಾಕೆಟ್ಟನ್ನೂ ಒಳಮಗ್ಗಲು ತಿರುಗಿಸಿ ಮಡಿಲಲ್ಲಿ ಹಾಕಿಕೊಂಡೆ. ಕತ್ತರಿ ಬಾಯಿ ತೆರೆಯಿತು, ಕೈ ಮಾತ್ರ ಮುಂದೆ ಹೋಗಲಿಲ್ಲ.

"ಇದನ್ನ ಕತ್ತರಿಸಿದ್ರೆ ಮತ್ತೆ ಬಿಡ್ಸೋಕಾಗಲ್ಲ ರೀ."

"ಬಿಡಿಸೋದು ಬೇಡ. ನಾನಿನ್ನು ಆ ಅಳತೆಗೆ ಹೋಗಲ್ಲ. ಕತ್ತರಿಸು."

ಕತ್ತರಿಸಿದೆ. ಹೊಲಿಗೆಯ ಪಕ್ಕದಲ್ಲೇ, ಸೊಂಟದಿಂದ ಪಾದದವರೆಗೆ, ಬೆನ್ನು, ತೋಳು, ಎಲ್ಲಾ. ದಪ್ಪ ನೀಲಿ ಬಟ್ಟೆಯ ಪಟ್ಟಿಗಳು ಕಾಲ ಬುಡದಲ್ಲಿ ರಾಶಿ ಬಿದ್ದವು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಲ್ಲಿ ನಗು ಬರುತ್ತಿತ್ತು. ಎಂಥ ಹುಚ್ಚಿಯೋ ನಾನು.

ಇವರು ಹಾಕಿಕೊಂಡು ಹೋಗಿ ಮತ್ತೆ ಯಂತ್ರದ ಮೇಲೆ ನಿಂತರು. ಈ ಸಲ ಕಣ್ಣು ಬಿಟ್ಟುಕೊಂಡೇ.

"ನೂರು" ಅಂದರು ಮೇಡಂ. ಬಗ್ಗಿ ಇನ್ನೊಮ್ಮೆ ನೋಡಿದರು. "ಸರಿಯಾಗಿ ನೂರು! ನೂರರವರೆಗೆ ಅಂತಾನೇ ಬರೆದಿರೋದು. ಹತ್ತಿ ಅಣ್ಣಾ!"

ಆ ಗದ್ದಲ ಏನು ಹೇಳಲಿ! ಅತ್ತೆ ಮೇಡಂ ಕೆನ್ನೆ ಹಿಂಡಿದರು. ಇವರು ಬೆಲ್ಟು ತೊಟ್ಟು ಏಣಿ ಹಿಡಿದರು. ಮೊದಲಾದರೆ ಹತ್ತು ಮೆಟ್ಟಿಲಿಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದರಂತೆ. ಆವತ್ತು ನಾನು ಕೆಳಗೆ ನಿಂತು ಎಣಿಸಿದೆ, ಎರಡೇ ಕಡೆ ನಿಂತದ್ದು. ಕ್ಯಾಬಿನ್ ಬಾಗಿಲು ತೆರೆಯಿತು, ಮುಚ್ಚಿತು. ಸ್ವಲ್ಪ ಹೊತ್ತಿಗೆ ಮೇಡಂ ಕೈಯ ವಾಕಿಟಾಕಿಯಲ್ಲಿ ಇವರ ದನಿ ಬಂತು.

"ಏನೇ, ನಾನು ಕಾಣ್ತಿದ್ದೀನಾ?"

"ಎಲ್ಲಿ ಕಾಣೋದು ರೀ? ಅಷ್ಟು ಸಣ್ಣ ಆಗಿಬಿಟ್ಟಿದ್ದೀರಿ!"

ಸುತ್ತ ನಿಂತವರು ಹೋ ಅಂತ ನಕ್ಕರು. ನೀವೆಲ್ಲ ಎಲ್ಲಿ ನಿಂತಿದ್ದೀರಿ ಅಂತ ಇವರು ಮೇಲಿಂದ ಕೇಳಿದರು. ನಾನು ಕೈಯಲ್ಲಿದ್ದ ನೀಲಿ ಪಟ್ಟಿಗಳನ್ನು ತಲೆಯ ಮೇಲೆತ್ತಿ ಬೀಸಿದೆ.

"ಕಾಣ್ತು, ಕಾಣ್ತು. ನೀಲಿ ಬಟ್ಟೆ. ಅದನ್ನ ತಗೊಂಡು ಹೋಗಿ ಮತ್ತೆ ಜೋಡಿಸೀಯಾ, ಹುಷಾರ್!"

"ಇಲ್ಲ ರೀ. ಮಿಷಿನ್ ಒರೆಸೋಕೆ ಇಟ್ಕೊಳ್ತೀನಿ."

ಕ್ರೇನಿನ ಹಳದಿ ತೋಳು ನಿಧಾನವಾಗಿ ನಮ್ಮ ತಲೆಯ ಮೇಲೆ ತಿರುಗಿತು. ಮನೆಗೆ ಬಂದವಳು ಅಳತೆ ಪುಸ್ತಕದ ಮೊದಲ ಪುಟದಲ್ಲಿ ಮೂವತ್ತನಾಲ್ಕನ್ನು ಹೊಡೆದುಹಾಕಿ ನಲವತ್ತು ಅಂತ ಬರೆದೆ. ಇವತ್ತಿಗೂ ನನ್ನ ಮಿಷಿನ್ ಒರೆಸುವುದು ಆ ನೀಲಿ ಬಟ್ಟೆಯಲ್ಲೇ.