ಇನ್ನೂರ ಅರವತ್ತು ಅಕ್ಷರ

ನನಗೆ ಸಿಟ್ಟು ನೆತ್ತಿಗೇರಿದರೆ ಹಿರಿಯರು ಕಿರಿಯರು ಅಂತ ಕಾಣುವುದಿಲ್ಲ. ಅಂದು ಎದುರಿಗೆ ಸಿಕ್ಕಿದ್ದು ಆಸ್ಪತ್ರೆಯ ದಾಖಲೆ ಕೋಣೆಯ ಅಕ್ಕ.

ಹನ್ನೊಂದು ಗಂಟೆಗೆ ಒಬ್ಬ ಹೆಂಗಸಿಗೆ ಆಪರೇಷನ್. ಶ್ವಾಸಕೋಶದಲ್ಲಿರುವ ಗಂಟು ಹಳೆಯದಾದರೆ ಕೊಯ್ಯಬೇಕಿಲ್ಲ, ಹೊಸದಾದರೆ ಕೊಯ್ಯಲೇಬೇಕು. ಅದನ್ನು ಹೇಳಬಲ್ಲ ಎಂಟು ವರ್ಷದ ಹಿಂದಿನ ಸ್ಕ್ಯಾನ್ ಹೊಸ ಸರ್ವರಿನಲ್ಲಿ ಇರಲಿಲ್ಲ. ಸರ್ಜನ್ ಮೂರು ಸಲ ಫೋನ್ ಮಾಡಿದ್ದರು. ಮೂರು ಹಳೆಯ ಡಿಸ್ಕುಗಳಿಂದ ಎಲ್ಲವನ್ನೂ ನಕಲು ಮಾಡುವ ಪ್ರೋಗ್ರಾಮ್ ಬರೆದವಳು ನಾನು. ಅದು "ಎಲ್ಲ ಮುಗಿಯಿತು" ಎಂದು ತೋರಿಸಿ ಹತ್ತು ದಿನವಾಗಿತ್ತು.

ಇನ್ನೂ ನನ್ನ ಮೇಜಿನ ಮೇಲೇ ಇದ್ದ ಒಂದು ಹಳೆಯ ಡಿಸ್ಕು ಜೋಡಿಸಿ ನೋಡಿದೆ. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು. ಒಂದೊಂದರ ಹೆಸರಿನಲ್ಲೂ ತಾರೀಖು, ಕಾಯಿಲೆ, ಡಾಕ್ಟರ ಡಿಗ್ರಿಗಳ ಸಮೇತ ಇಡೀ ಪುರಾಣ!

"ಏನಕ್ಕಾ ಇದು, ತಲೆ ಗಿಲೆ ಕೆಟ್ಟಿದ್ಯಾ ನಿಮಗೆ?"

"ಕಾಗದದ ಫೈಲಲ್ಲಿ ಹೊಸದು ಮೇಲೆ, ಹಳೇದು ಕೆಳಗೆ ಇರ್ತಿತ್ತಲ್ಲಮ್ಮಾ. ಹಂಗೇ ಪ್ರತಿ ಸಲ ಹೊಸ ಫೋಲ್ಡರ್ ಮಾಡಿ, ಹಳೇದನ್ನ ಅದರೊಳಗೆ ಹಾಕ್ತಿದ್ದೆ."

ಡ್ರೈವಿನಿಂದ ಫೈಲಿನವರೆಗಿನ ಹೆಸರುಗಳೆಲ್ಲ ಸೇರಿ ಇನ್ನೂರ ಅರವತ್ತು ಅಕ್ಷರ ದಾಟಿದರೆ ನನ್ನ ಪ್ರೋಗ್ರಾಮಿಗೆ ಆ ಫೈಲು ತೆರೆಯಲು ಬರುತ್ತಿರಲಿಲ್ಲ. ಹೆಚ್ಚು ಸಲ ಆಸ್ಪತ್ರೆಗೆ ಬಂದವರ ಫೈಲುಗಳೇ ಹೆಚ್ಚು ಆಳಕ್ಕೆ ಇಳಿದಿದ್ದವು. ನಾನು ಬಾಯಿಗೆ ಬಂದಂತೆ ಬೈದೆ.

ಈ ಮಿತಿ ದಾಟುವುದು ದೊಡ್ಡ ವಿದ್ಯೆಯೇನಲ್ಲ. ಆ ಉದ್ದ ಹೆಸರಿನ ಮೊದಲಿಗೆ ನಾಲ್ಕೇ ನಾಲ್ಕು ಚಿಹ್ನೆ ಸೇರಿಸಿದರಾಯಿತು. ಅದು ನನಗೆ ಮೊದಲೇ ಗೊತ್ತಿತ್ತು! ಸೇರಿಸಲು ಪ್ರೋಗ್ರಾಮ್ ತೆರೆದಾಗ ನಾನೇ ಬರೆದ ಸಾಲು ಕಣ್ಣಿಗೆ ಬಿತ್ತು. ಫೈಲು ತೆರೆಯದಿದ್ದರೆ ಬಿಟ್ಟು ಮುಂದಕ್ಕೆ ಹೋಗು, ಯಾವುದನ್ನು ಬಿಟ್ಟೆ ಎಂದು ಎಲ್ಲೂ ಬರೆದಿಡಬೇಡ. ಬೇಗ ಮುಗಿಯಲಿ ಎಂದು ಹಾಗೆ ಬರೆದಿದ್ದೆ. ಚಿಹ್ನೆ ಸೇರಿಸಿ ಮತ್ತೆ ಓಡಿಸಿದೆ.

ಹತ್ತೂವರೆಗೆ ಸ್ಕ್ಯಾನ್ ಸಿಕ್ಕಿತು. ಗಂಟು ಅದೇ, ಅಳತೆಯೂ ಅದೇ. ಆಪರೇಷನ್ ನಿಂತಿತು.

ನನ್ನ ಬೈಗುಳ ಕೇಳಿಸಿಕೊಂಡಿದ್ದ ನಮ್ಮ ಕಂಪ್ಯೂಟರ್ ವಿಭಾಗದ ಸಾಹೇಬರು ನಗುತ್ತಾ ಬಂದರು. "ಭೇಷ್! ಆ ದಾಖಲೆ ಕೋಣೆಯವಳಿಗೆ ಇವತ್ತೇ ನೋಟಿಸ್ ಕೊಡ್ತೀನಿ."

"ಕೊಡೋದಾದ್ರೆ ನನಗೆ ಕೊಡಿ ಸಾರ್. ತೆರೆಯದ ಫೈಲನ್ನ ಸದ್ದಿಲ್ಲದೆ ಬಿಟ್ಟಿದ್ದು ನನ್ನ ಪ್ರೋಗ್ರಾಮ್. ಮಿಕ್ಕ ಎರಡು ಡಿಸ್ಕೂ ತರಿಸಿ, ಎಲ್ಲ ಮತ್ತೆ ನಕಲು ಮಾಡ್ಬೇಕು."

ಸಾಹೇಬರ ನಗು ಇಳಿಯಿತು. "ಎಲ್ಲ ಮುಗೀತು ಅಂತ ನೀವೇ ಬರೆದು ಕೊಟ್ರಲ್ಲಮ್ಮಾ. ಅವೆರಡನ್ನೂ ಹೋದ ವಾರವೇ ಅಳಿಸಿಬಿಟ್ವಿ."

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಅದರಲ್ಲಿ ಯಾರ್ಯಾರದ್ದು ಹೋಯ್ತಮ್ಮಾ?" ಎಂದು ಮೆಲ್ಲಗೆ ಕೇಳಿದಳು.

ಹೇಳಲು ನನ್ನ ಬಳಿ ಒಂದು ಹೆಸರೂ ಇರಲಿಲ್ಲ.